ಎಸೆಯಬಹುದಾದ ವಸ್ತು

ನಮ್ಮ ಕಡೆ ಕಾಯಿ ಒಡೆಯದೆ ಹೊಸ ಬೈಕು ಕೂಡ ಮನೆ ಮುಂದಿನಿಂದ ಅಲುಗುವುದಿಲ್ಲ. ಬೋರ್‌ವೆಲ್ ಲಾರಿ ಬಂದರೆ ಕಾಯಿ, ಊರಲ್ಲಿ ಯಾರಾದರೂ ಅಂಗಡಿ ತೆರೆದರೆ ಕಾಯಿ, ಮಗು ಮೊದಲ ದಿನ ಶಾಲೆಗೆ ಹೊರಟರೆ ಕಾಯಿ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಚೀಲ ತುಂಬಿದ ಟೆಂಪೋ ಹೊರಡುವಾಗ, ಒಳಗಿರುವುದೂ ಕಾಯಿಯಿಂದಲೇ ಆದದ್ದು ಎಂದು ಗೊತ್ತಿದ್ದರೂ, ಮುಂದಿನ ಚಕ್ರದ ಹತ್ತಿರ ಒಂದು ಕಾಯಿ ಒಡೆದೇ ಒಡೆಯುತ್ತೇವೆ. ಇಂಥ ಸೀಮೆಯಲ್ಲಿ ನಮ್ಮ ಮನೆಯ ಹುಡುಗಿಯ ಮೇಲೆ ಒಂದು ಕೇಸು ಬಿತ್ತು. ಸಾರ್ವಜನಿಕ ರಸ್ತೆಯಲ್ಲಿ ಒಂದು ತೆಂಗಿನಕಾಯಿ ಒಡೆದದ್ದಕ್ಕೆ. ಒಡೆದವಳು ಅವಳಲ್ಲ, ಅದು ಬೇರೆ ಮಾತು.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನೊಂದು ಕೇಸು ಜಡಿಯಲು ಕಾದಿರುವವರಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ನಮ್ಮ ನಂಟರಿದ್ದಾರೆ, ಈ ಮೂರರಲ್ಲಿ ಯಾವುದೋ ಒಂದರ ಹಳ್ಳಿ ಎಂದುಕೊಳ್ಳಿ. ನನ್ನ ತವರು ಕಂದಿಕೆರೆ ಕಡೆ. ಮದುವೆಯಾಗಿ ಇಲ್ಲಿಗೆ ಬಂದು ತಲೆ ನರೆಯಿತು. ತೋಟ ಇದೆ, ನಾಲ್ಕು ದನ ಇವೆ, ಹೊಟ್ಟೆಗೆ ಬಟ್ಟೆಗೆ ಏನೂ ತೊಂದರೆಯಿಲ್ಲ. ನಾನು ಇಲ್ಲಿ ಬಡತನದ ಕಥೆ ಹೇಳಲು ಕೂತಿಲ್ಲ.

ಹುಡುಗಿ ಎಂದೆನಲ್ಲ, ಅವಳು ನನ್ನ ಮೈದುನನ ಮಗಳು. ಒಂದೇ ಅಂಗಳದ ಎದುರು ಬದುರು ಮನೆ ನಮ್ಮವು. ಉಂಡದ್ದು ಅಲ್ಲಿ, ಮಲಗಿದ್ದು ಇಲ್ಲಿ ಎಂಬಂತೆ ಬೆಳೆದಳು. ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ, ಆದರೆ ಅವಳ ಗುಟ್ಟೆಲ್ಲ ಅವಳ ಅಮ್ಮನಿಗಿಂತ ಮೊದಲು ನನಗೇ ಗೊತ್ತಾಗುತ್ತಿದ್ದದ್ದು. ಪೊಲೀಸ್ ಆಗಬೇಕು ಎಂಬ ಹುಚ್ಚು ಅವಳಿಗೆ ಹೈಸ್ಕೂಲಿನಿಂದಲೂ ಇತ್ತು. ಡಿಗ್ರಿ ಮುಗಿದ ಮೇಲೆ ಬೆಳಕು ಹರಿಯುತ್ತಲೇ ಎದ್ದು ಕೆರೆ ಏರಿಯ ಮೇಲೆ ಓಡುವುದು ಶುರು ಮಾಡಿದಳು. ಮೊದಮೊದಲು ಜನ ನಕ್ಕರು. ಹಾಲಿನ ಡೈರಿಗೆ ಬರುವವರು ಕ್ಯಾನು ಕೆಳಗಿಟ್ಟು ನೋಡುತ್ತಿದ್ದರು. ಇವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಬರವಣಿಗೆಯ ಪರೀಕ್ಷೆ ಪಾಸು ಮಾಡಿದಳು, ಓಟದಲ್ಲೂ ಪಾಸಾದಳು. ಉಳಿದದ್ದು ದಾಖಲೆ ನೋಡುವುದು, ನಡತೆ ವಿಚಾರಿಸುವುದು. ಆ ದಿನಗಳಲ್ಲಿ ಅವಳ ಮುಖ ನೋಡಿದರೆ ಸಾಕು, ನನಗೆ ಹೊಟ್ಟೆ ತುಂಬುತ್ತಿತ್ತು.

ಆ ಹೊತ್ತಿಗೆ ನಮ್ಮೂರಿನ ಬೆಳಗಿನ ಬಸ್ಸು ನಿಂತುಹೋಯಿತು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಒಂದು ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಪಿಯುಸಿ ಓದುವ ಹೆಣ್ಣುಮಕ್ಕಳು ಕಾಯಿ ತುಂಬುವ ಗೂಡ್ಸ್ ಆಟೋದ ಹಿಂದೆ ನಿಂತುಕೊಂಡು ಹೋಗತೊಡಗಿದರು. ಒಬ್ಬ ಹುಡುಗಿ ತಿರುವಿನಲ್ಲಿ ಬಿದ್ದು ಕೈ ಮುರಿದುಕೊಂಡಳು. ಅವಳ ಅಪ್ಪ ಮಾರನೆಯ ದಿನವೇ ಕಾಲೇಜು ಬಿಡಿಸಿದ. ಅರ್ಜಿ ಕೊಟ್ಟೆವು. ಮತ್ತೆ ಕೊಟ್ಟೆವು. ತಗೊಂಡವರು ಸೀಲು ಒತ್ತಿದರು, ಅಷ್ಟೇ. ಕೊನೆಗೆ ನಮ್ಮ ಮಹಿಳಾ ಸಂಘದವರೆಲ್ಲ ಸೇರಿ ತೀರ್ಮಾನ ಮಾಡಿದೆವು: ತಾಲ್ಲೂಕು ಕೇಂದ್ರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿಯವರೆಗೆ ನಡೆದುಕೊಂಡು ಹೋಗಿ, ತಹಸೀಲ್ದಾರರ ಕೈಗೇ ಅರ್ಜಿ ಕೊಡುವುದು. ನಡೆದರೆ ಕಾಲು ಗಂಟೆಯ ದಾರಿ. ಸಂತೆಗೆ ಹೋದಾಗ ತಲೆಯ ಮೇಲೆ ಚೀಲ ಹೊತ್ತು ನಾವು ಎಷ್ಟು ಸಲ ನಡೆದಿಲ್ಲ ಆ ದಾರಿಯಲ್ಲಿ!

ಆದರೆ ಚೀಲ ಹೊತ್ತು ನಡೆದರೆ ಅದು ನಡಿಗೆ, ಬ್ಯಾನರ್ ಹಿಡಿದು ನಡೆದರೆ ಅದಕ್ಕೆ ಅನುಮತಿ ಬೇಕು. ಬೇಡ ಎಂದು ನಾನೂ ಹೇಳುವುದಿಲ್ಲ. ರಸ್ತೆ ಎಲ್ಲರದೂ. ಆಂಬುಲೆನ್ಸ್ ಬರುತ್ತದೆ, ಬಸುರಿ ಹೆಂಗಸು ಬರುತ್ತಾಳೆ, ಪರೀಕ್ಷೆಗೆ ಹೊತ್ತಾದ ಮಕ್ಕಳು ಬರುತ್ತಾರೆ. ಕೇಳಿಕೊಂಡೇ ಹೋಗೋಣ, ಕದ್ದು ಮಾಡುವ ಕೆಲಸವೇನಲ್ಲ ಎಂದು ಹೇಳಿದವಳೇ ನಮ್ಮ ಹುಡುಗಿ. ಪೊಲೀಸ್ ಆಗುವವಳಲ್ಲವೇ, ಕಾನೂನು ಎಂದರೆ ಅವಳಿಗೆ ಅಷ್ಟು ಗೌರವ.

ಠಾಣೆಗೆ ಹೋದೆವು, ನಾನು ಮತ್ತು ಅವಳು. ಅಲ್ಲಿ ಕಾಗದ ಪತ್ರ ಬರೆಯುವ ರೈಟರ್ ತಲೆಯೆತ್ತದೆ ಕೇಳಿದರು, "ಮೆರವಣಿಗೆನೋ, ಜಾಥಾನೋ, ಪ್ರತಿಭಟನೆನೋ?"

"ಸುಮ್ನೆ ನಡ್ಕೊಂಡ್ ಹೋಗಿ ಅರ್ಜಿ ಕೊಟ್ ಬತ್ತೀವಿ ಸಾರ್" ಎಂದೆ.

"ಸುಮ್ನೆ ನಡ್ಯೋದು ಅಂತ ನಮ್ಮಲ್ಲಿಲ್ಲ. ಮೂರ್ರಲ್ಲಿ ಒಂದು ಹೇಳಿ. ಆಮೇಲೆ ಪುರಸಭೆಯಿಂದ ಅಭ್ಯಂತರ ಇಲ್ಲ ಅಂತ ಪತ್ರ ತನ್ನಿ."

ಪುರಸಭೆಗೆ ಹೋದೆವು. ಅಲ್ಲಿ ಆರೋಗ್ಯ ವಿಭಾಗದ ಟೇಬಲ್ಲಿಗೆ ಕಳಿಸಿದರು, ಯಾಕೆಂದರೆ ಮೆರವಣಿಗೆಯಾದ ಮೇಲೆ ಕಸ ಬೀಳುತ್ತದಂತೆ. ಆ ಟೇಬಲ್ಲಿನವರು, ಮೊದಲು ಪೊಲೀಸರು ಒಪ್ಪಲಿ, ಆಮೇಲೆ ನಾವು ಎಂದರು. ಪೊಲೀಸರು ಮೊದಲು ನೀವು ಅಂದಿದ್ದಾರೆ ಎಂದರೆ, ಹಾಗಾದರೆ ಅವರಿಂದ ಹಾಗಂತ ಬರೆಸಿಕೊಂಡು ಬನ್ನಿ ಎಂದರು. ಆ ವಾರವೆಲ್ಲ ನಾವಿಬ್ಬರೂ ಒಂದು ಕಚೇರಿಯ ಮೆಟ್ಟಿಲಿಳಿದು ಇನ್ನೊಂದು ಕಚೇರಿಯ ಮೆಟ್ಟಿಲು ಹತ್ತಿದ್ದೇ ಆಯಿತು. ಅದೂ ಬಸ್ಸಿಲ್ಲದ ಊರಿನಿಂದ ಬಂದು! ಬಸ್ಸು ಕೇಳಲು ಅನುಮತಿ ಬೇಕು, ಅನುಮತಿ ಕೇಳಲು ಬಸ್ಸು ಬೇಕು. ನಗಬೇಕೋ, ಚಪ್ಪಲಿ ತೆಗೆದುಕೊಂಡು ಹೊಡೆದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಕೊನೆಗೆ ಠಾಣೆಯವರು, ಅದೆಲ್ಲ ಬಿಡಿ, ಅರ್ಜಿಯನ್ನು ಮೊಬೈಲಿನಲ್ಲೇ ಹಾಕಬೇಕು ಎಂದರು. ಸಂಘದ ಅರ್ಧ ಹೆಂಗಸರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಹುಡುಗಿ ತನ್ನ ಫೋನಿನಲ್ಲೇ ಹಾಕಿದಳು. ಅಲ್ಲಿಗೆ ಅರ್ಜಿದಾರಳು ಅವಳೇ ಆದಳು. ಅರ್ಜಿದಾರರೇ ಬಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡಬೇಕು ಎಂದಾಗ ನಾನು ತಡೆದೆ. ನಮ್ಮೂರ ಪಂಚಾಯ್ತಿ ಸದಸ್ಯರು, ಅವರು ನಮಗೆ ದೂರದ ನಂಟರೂ ಹೌದು, ಆ ದಿನ ನಮ್ಮ ಜೊತೆ ಬಂದಿದ್ದರು. "ನೀವು ಹಾಕ್ಬಾರ್ದಾ ಅಣ್ಣಾ, ಇದು ಹುಡುಗಿ ಹೆಸ್ರಲ್ಲಿ ಯಾಕೆ?" ಎಂದೆ.

ಅವರು ಹಲ್ಲು ಕಿರಿದರು. "ಹೆಣ್ಮಕ್ಕಳ ಜಾಥಾ ಕಣಕ್ಕ, ಹೆಣ್ಮಕ್ಕಳ ಹೆಸ್ರಲ್ಲೇ ಇದ್ರೆ ಚೆಂದ ಬುಡು. ಈಗೆಲ್ಲಾ ಮಹಿಳೆಯರದ್ದೇ ಕಾಲ" ಎಂದರು. ಮುಚ್ಚಳಿಕೆ ಎಂದರೆ ಏನು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಪೊಲೀಸರನ್ನು ಕೇಳಿಕೊಂಡೇ ಮಾಡುವ ಕೆಲಸದಿಂದ ಪೊಲೀಸ್ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ ಹೇಳಿ?

ಷರತ್ತುಗಳನ್ನು ಹುಡುಗಿ ಠಾಣೆಯ ಬೆಂಚಿನ ಮೇಲೆ ಕೂತು ನನಗೆ ಓದಿ ಹೇಳಿದಳು. ರಸ್ತೆಯ ಎಡಬದಿಯಲ್ಲೇ ನಡೆಯಬೇಕು. ಮೈಕು ಕೂಡದು. ಪ್ರತಿಕೃತಿ ಸುಡಕೂಡದು. ಯಾರ ಮನಸ್ಸಿಗೂ ನೋವಾಗುವ ಘೋಷಣೆ ಕೂಗಕೂಡದು. ಕಲ್ಲು, ದೊಣ್ಣೆ ಅಥವಾ ಎಸೆಯಬಹುದಾದ ಯಾವುದೇ ವಸ್ತುವನ್ನು ತರಕೂಡದು. ಇದರಲ್ಲಿ ಯಾವುದನ್ನು ಯಾರು ಮೀರಿದರೂ ಅರ್ಜಿದಾರರೇ ಹೊಣೆ. "ನಾವ್ಯಾಕ್ ಕಲ್ ತರ್ತೀವಿ ದೊಡ್ಡಮ್ಮ" ಎಂದು ನಕ್ಕು ಸಹಿ ಹಾಕಿದಳು.

ಕಲ್ಲು ಯಾರೂ ತರಲಿಲ್ಲ. ಕಾಯಿ ತಂದರು.

ಯಾರೂ ಹೇಳಿ ಕಳಿಸಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಿದ್ದೇವೆ, ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಒಬ್ಬೊಬ್ಬಳೂ ತನ್ನಷ್ಟಕ್ಕೆ ತಾನೇ ಯೋಚಿಸಿ, ಸುಲಿದು ಜುಟ್ಟು ಬಿಟ್ಟ ಒಂದೊಂದು ಕಾಯಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ತಹಸೀಲ್ದಾರರಿಗೆ ಕೊಡಲು ಎಂದು ಕೆಲವರು, ದಾರಿಯಲ್ಲಿ ಸಿಗುವ ಗಣಪತಿಗೆ ಎಂದು ಕೆಲವರು. ಷರತ್ತು ಓದಿದ್ದ ನಮ್ಮ ಹುಡುಗಿಯ ಚೀಲದಲ್ಲೂ ಒಂದಿತ್ತು. ಅವಳಮ್ಮನೇ ಹಾಕಿ ಕಳಿಸಿದ್ದಳು. ನಮಗೆ ಕಾಯಿ ಒಂದು ವಸ್ತು ಎಂದೇ ಅನಿಸಿರಲಿಲ್ಲ. ಉಪ್ಪನ್ನು ಯಾರಾದರೂ ವಸ್ತು ಎನ್ನುತ್ತಾರೆಯೇ?

ಬಸ್ ಸ್ಟ್ಯಾಂಡಿನ ಮುಂದೆ ಸಾಲಾಗಿ ನಿಂತೆವು. ಗಂಡಸರು ಎದುರಿನ ಟೀ ಅಂಗಡಿಯಲ್ಲಿ ನಿಂತು ನೋಡುತ್ತಿದ್ದರು, ಸದಸ್ಯರೂ ಅಲ್ಲೇ ಇದ್ದರು. ಪೊಲೀಸ್ ಜೀಪು ಮುಂದೆ ನಿಂತಿತ್ತು. ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಗಡಿಯಾರ ನೋಡಿ, ಹೊರಡಿ ಎಂದು ಕೈ ಮಾಡಿದರು. ಅಷ್ಟರಲ್ಲಿ ನಮ್ಮ ಅತ್ತೆ ಸಾಲು ಬಿಟ್ಟು ಮುಂದೆ ಬಂದರು. ಎಂಬತ್ತು ದಾಟಿದ ಮುದುಕಿ, ಬರಬೇಡಿ ಎಂದರೂ ಕೇಳದೆ ಬಂದಿದ್ದರು. ಮಡಿಲಿನಿಂದ ಕಾಯಿ ತೆಗೆದು ಬ್ಯಾನರಿಗೆ ಮೂರು ಸುತ್ತು ನಿವಾಳಿಸಿದರು. ಈಡುಗಾಯಿ ಒಡೆಯುವುದು ನಮ್ಮಲ್ಲಿ ಗಂಡಸರ ಕೆಲಸ. ಅತ್ತೆ ಒಂದು ಸಲ ಟೀ ಅಂಗಡಿಯ ಕಡೆ ನೋಡಿದರು, ಒಬ್ಬನೂ ಅಲುಗಲಿಲ್ಲ.

"ಇವ್ರನ್ನ ಕಾಯ್ತಾ ಕೂತ್ರೆ ಆಯ್ತು ಬುಡು" ಎಂದು, ಆ ವಯಸ್ಸಿನಲ್ಲಿ ಎಲ್ಲಿತ್ತೋ ಅಷ್ಟು ಕಸುವು, ಕಾಯಿಯನ್ನು ರಸ್ತೆಗೆ ಅಪ್ಪಳಿಸಿದರು.

ಎಂಥ ಸದ್ದು! ಕಾಯಿ ಚೂರುಚೂರಾಯಿತು. ಒಂದು ಹೋಳು ಹಾರಿ ಜೀಪಿನ ಬಾನೆಟ್ಟಿಗೆ ತಾಗಿ ಟಣ್ ಎಂದಿತು. ಉಳಿದ ಹೋಳುಗಳನ್ನು ಆರಿಸಿಕೊಳ್ಳಲು ಹೆಂಗಸರೆಲ್ಲ ಬಗ್ಗಿದರು. ಈಡುಗಾಯಿಯ ಹೋಳು ಸಿಕ್ಕಿದರೆ ಬಿಡುವವರುಂಟೇ ನಮ್ಮಲ್ಲಿ? ಸಾಲು ಚೆದುರಿತು, ಎಡಬದಿ ಬಲಬದಿ ಒಂದೂ ಉಳಿಯಲಿಲ್ಲ, ಹಿಂದೆ ಬಂದ ಲಾರಿ ಹಾರನ್ ಹೊಡೆಯಿತು, ನಾವೆಲ್ಲ ನಗುತ್ತಿದ್ದೆವು. ಸಬ್ ಇನ್ಸ್‌ಪೆಕ್ಟರ್ ಮಾತ್ರ ನಗಲಿಲ್ಲ.

ಅವರು ಕೈಚೀಲಗಳನ್ನು ತೆಗೆಸಿ ನೋಡಿದರು. ಎಲ್ಲದರಲ್ಲೂ ಕಾಯಿ. ಆ ಮುಖ ಬಿಳಿಚಿಕೊಂಡದ್ದನ್ನು ನೋಡಿ ನನಗೆ ಆಗಲೂ ನಗು ಬಂತು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತೋ ಏನೋ, ಇಷ್ಟು ಜನ ಹೆಂಗಸರು, ಒಬ್ಬೊಬ್ಬಳ ಕೈಯಲ್ಲೂ ಒಂದೊಂದು. ಕಾಯಿಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಸಿ ಜೀಪಿಗೆ ಹಾಕಿಸಿಕೊಂಡರು. ಆಮೇಲೆ ಬರಿಗೈಯಲ್ಲೇ ನಡೆದು ಹೋಗಿ ಅರ್ಜಿಯನ್ನು ತಹಸೀಲ್ದಾರರಿಗೆ ಕೊಟ್ಟೆವು, ಅವರೂ ತಗೊಂಡರು. ಕೆಲಸವಾಯಿತು ಎಂದುಕೊಂಡು ಮನೆಗೆ ಬಂದೆವು.

ಸಂಜೆ ಹುಡುಗಿಗೆ ಠಾಣೆಯಿಂದ ಫೋನು ಬಂತು. ಅನುಮತಿಯ ಷರತ್ತು ಮೀರಿದ್ದು, ಎಸೆಯಬಹುದಾದ ವಸ್ತುಗಳನ್ನು ತಂದದ್ದು, ಸರ್ಕಾರಿ ವಾಹನದ ಮೇಲೆ ಎಸೆದದ್ದು, ಸಂಚಾರಕ್ಕೆ ಅಡ್ಡಿ ಮಾಡಿದ್ದು. ನಾಲ್ಕೂ ಅವಳೊಬ್ಬಳ ತಲೆಗೆ.

ಅತ್ತೆ ಮಾರನೆಯ ದಿನ ನನ್ನ ಜೊತೆ ಠಾಣೆಗೆ ಬಂದು ಸಬ್ ಇನ್ಸ್‌ಪೆಕ್ಟರ್ ಮುಂದೆ ನಿಂತರು. "ಒಡ್ದಿದ್ದು ನಾನು ಕಣಪ್ಪ. ಏನ್ ಮಾಡ್ತೀಯೋ ನಂಗ್ ಮಾಡು. ಮದ್ವೆ ಆಗ್ಬೇಕಾದ್ ಹುಡ್ಗಿ, ಕೆಲ್ಸಕ್ಕೆ ಸೇರ್ಬೇಕಾದ್ ಹುಡ್ಗಿ, ಅದ್ರ ಹೆಸ್ರು ತೆಗ್ದಾಕು" ಎಂದರು.

"ಅಜ್ಜಿ, ನಿಮ್ಮ ಮೇಲೆ ಹಾಕಿದ್ರೆ ನಾಳೆ ಟಿವಿಯವ್ರು ನನ್ನ ಮನೆ ಮುಂದೆ ಇರ್ತಾರೆ" ಎಂದರು ಅವರು. "ಅನುಮತಿ ಯಾರ ಹೆಸ್ರಲ್ಲಿದೆಯೋ ಅವ್ರೇ ಹೊಣೆ. ಸಹಿ ಮಾಡಿದ್ದಾರಲ್ಲ."

"ಜೀಪಿಗೇನಾಗೈತೆ ತೋರ್ಸಪ್ಪ" ಎಂದು ಅತ್ತೆ ಹೊರಗೆ ಹೋಗಿ ಬಾನೆಟ್ಟನ್ನು ಸೆರಗಿನಿಂದ ಒರೆಸಿದರು. ಒಂದು ಗೀರೂ ಇರಲಿಲ್ಲ. ಕಾವಲಿಗಿದ್ದ ಪೇದೆ ಮುಖ ಆ ಕಡೆ ತಿರುಗಿಸಿಕೊಂಡ. ನಾನು ಅಲ್ಲೇ ಬಾಯಿ ಮಾಡಿದೆ. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನೋಡುವಷ್ಟು ಬಾಯಿ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ, ಆದರೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ.

ವಕೀಲರು ಸಮಾಧಾನವಾಗಿ ಹೇಳಿದರು: ನ್ಯಾಯಾಲಯದಲ್ಲಿ ತಪ್ಪಾಯಿತು ಎಂದು ಒಪ್ಪಿಕೊಂಡರೆ ಸಣ್ಣ ದಂಡ ಕಟ್ಟಿಸಿ ಮುಗಿಸುತ್ತಾರೆ, ಒಪ್ಪದಿದ್ದರೆ ಕೇಸು ಎಷ್ಟು ವರ್ಷ ಎಳೆಯುತ್ತದೋ ಹೇಳಲಾಗದು. ಮೈದುನ ಒಪ್ಪಿಕೋ ಎಂದ. ಓರಗಿತ್ತಿ ಅತ್ತುಕೊಂಡೇ ಒಪ್ಪಿಕೋ ಎಂದಳು. ಹುಡುಗಿ ನನ್ನ ಮುಖ ನೋಡಿದಳು.

"ಮಾಡ್ದೇ ಇರೋದನ್ನ ಮಾಡಿದೀನಿ ಅಂತ ಜಡ್ಜ್ ಮುಂದೆ ಹೇಳಿ, ಆಮೇಲೆ ಹೋಗಿ ಪೊಲೀಸ್ ಆಗ್ಲಾ ದೊಡ್ಡಮ್ಮ? ಹಂಗಾಗೋ ಪೊಲೀಸ್ ನಾನ್ಯಾಕಾಗ್ಲಿ?"

ನ್ಯಾಯಾಲಯದಲ್ಲಿ ಅವಳು, ನಾನು ತಪ್ಪು ಮಾಡಿಲ್ಲ ಎಂದಳು. ತಾರೀಕು ಮುಂದಕ್ಕೆ ಹೋಯಿತು.

ಈ ನಡುವೆ ಬಸ್ಸು ಬಂತು. ಹೌದು, ನಮ್ಮ ಅರ್ಜಿಗೇ ಬಂತು. ಆದರೆ ಬಂದ ರೀತಿ ನೋಡಬೇಕಿತ್ತು. ತಾಲ್ಲೂಕಿನ ದೊಡ್ಡವರೊಬ್ಬರು ಹಸಿರು ಬಾವುಟ ತೋರಿಸಲು ಬಂದರು. ಅವರ ಹಿಂದೆ ಕಾರುಗಳು, ಮುಂದೆ ತಮಟೆ, ಡೊಳ್ಳು, ಜೆಸಿಬಿಯ ಬಕೆಟ್ಟಿನಿಂದ ಹೂವು. ಅದೇ ಬಸ್ ಸ್ಟ್ಯಾಂಡಿನ ಮುಂದೆ ರಸ್ತೆಯ ಎರಡೂ ಬದಿ ಮುಚ್ಚಿ ನಿಂತಿದ್ದರು. ಟ್ರ್ಯಾಕ್ಟರಿನಲ್ಲಿ ಕಾಯಿ ತಂದಿದ್ದರು, ನಮ್ಮ ಪಂಚಾಯ್ತಿ ಸದಸ್ಯರೇ ಮುಂದೆ ನಿಂತು ಒಂದಾದ ಮೇಲೊಂದು ಒಡೆಯುತ್ತಿದ್ದರು. ಹೋಳುಗಳು ಅಂಗಡಿ ಗಾಜಿಗೆ ಬಡಿಯುತ್ತಿದ್ದವು. ಆಸ್ಪತ್ರೆಗೆ ಹೊರಟ ಆಟೋವೊಂದು ದಾರಿಯಿಲ್ಲದೆ ಹಿಂದಕ್ಕೆ ತಿರುಗಿತು. ಅದೇ ಸಬ್ ಇನ್ಸ್‌ಪೆಕ್ಟರ್ ಕೈಕಟ್ಟಿ ನಿಂತಿದ್ದರು, ಟೋಪಿಯ ಮೇಲೆ ಹೂವಿನ ಎಸಳು.

ನಾನು ಅವತ್ತು ಠಾಣೆಯಲ್ಲಿ ಮುಖ ತಿರುಗಿಸಿಕೊಂಡಿದ್ದ ಪೇದೆಯನ್ನು ಹಿಡಿದು ಕೇಳಿದೆ, "ಇದಕ್ ಅನುಮತಿ ಯಾರ್ ಹೆಸ್ರಲ್ಲೈತಪ್ಪ? ಯಾರು ಸಹಿ ಹಾಕವ್ರೆ, ಅವ್ರನ್ನೊಂದ್ಸಲ ತೋರ್ಸು."

ಅವನು ತಗ್ಗಿದ ದನಿಯಲ್ಲಿ, "ಇದು ಸರ್ಕಾರಿ ಕಾರ್ಯಕ್ರಮ ಕಣಕ್ಕ, ಮೆರವಣಿಗೆ ಅಲ್ಲ. ದಮ್ಮಯ್ಯ, ಹೋಗು" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮನೆಯಲ್ಲೂ ಹೆಣ್ಣುಮಕ್ಕಳಿರಬಹುದು. ಆದರೆ ರಸ್ತೆಗೆ ಎರಡು ಕಾನೂನು ಇರುವುದಾದರೆ, ಯಾವ ಕಾನೂನು ಯಾರಿಗೆ ಎಂದು ಠಾಣೆಯ ಮುಂದೆ ಬೋರ್ಡು ಹಾಕಲಿ. ನಾವು ಓದಿಕೊಂಡು ಮನೆಯಲ್ಲಿರುತ್ತೇವೆ. ರೈಟರ್ ಮುಂದೆ ಕೈಕಟ್ಟಿ ನಿಲ್ಲುವ ಕೆಲಸವಾದರೂ ತಪ್ಪುತ್ತದೆ.

ಕೆಲಸದ ಕಾಗದಗಳು ಬಂದಾಗ ಅದರಲ್ಲೊಂದು ಪ್ರಶ್ನೆ ಇತ್ತು: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ? ಇಲ್ಲ ಎಂದು ಬರಿ, ಯಾರು ನೋಡುತ್ತಾರೆ ಎಂದು ಅಂಗಳಕ್ಕೆ ಬಂದವರೆಲ್ಲ ಹೇಳಿದರು. ಅವಳು ಹೌದು ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಬಸ್ಸಿನ ವಿಷಯ, ಅಜ್ಜಿಯ ವಿಷಯ, ಕಾಯಿಯ ವಿಷಯ ಎಲ್ಲ ಬರೆದಳು. ಜಾಗ ಸಾಲದೆ ಅಂಚಿನಲ್ಲೂ ಬರೆದಳು. ಓದುವವರು ನಕ್ಕಾದರೂ ನಗುತ್ತಾರೆ, ನಮ್ಮ ಕಡೆಯವರೇ ಯಾರಾದರೂ ಇದ್ದರೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬ ಆಸೆ ನನಗೂ ಇತ್ತು.

ಕೊನೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳ ಜೊತೆ ಓಡಿದ, ಅವಳಿಗಿಂತ ಹಿಂದೆ ಬಿದ್ದಿದ್ದ ಹುಡುಗಿಯ ಹೆಸರಿತ್ತು. ನಮ್ಮ ಹುಡುಗಿ ಅವಳಿಗೆ ಫೋನು ಮಾಡಿ ಖುಷಿಯಾಯಿತು ಕಣೇ ಎಂದಳು. ಅವತ್ತು ಅತ್ತೆ ಊಟ ಬಿಟ್ಟರು, ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಹುಡುಗಿ ಅಳಲಿಲ್ಲ. ಕೊಟ್ಟಿಗೆ ಗುಡಿಸಿದಳು, ದನಕ್ಕೆ ನೀರಿಟ್ಟಳು, ಅಜ್ಜಿಗೆ ಬಲವಂತ ಮಾಡಿ ಎರಡು ತುತ್ತು ತಿನ್ನಿಸಿದಳು. ಕೆರೆ ಏರಿಯ ಕಡೆಗೆ ಮಾತ್ರ ಮತ್ತೆ ಹೋಗಲಿಲ್ಲ.

ಮೊನ್ನೆ ಪಂಚಾಯ್ತಿ ಸದಸ್ಯರು ಇನ್ನಿಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕುಡಿಯುವ ನೀರಿನ ಘಟಕ ಕೆಟ್ಟು ಆರು ತಿಂಗಳಾಯಿತು, ಅದಕ್ಕೊಂದು ಜಾಥಾ ಮಾಡೋಣ ಎಂದು ಮಾತು. ಜಗಲಿಯ ಮೇಲೆ ಕೂತರು. ಮನೆಗೆ ಬಂದವರಿಗೆ ಏನೂ ಕೊಡದಿದ್ದರೆ ಹೇಗೆ, ಕಾಫಿ ಕೊಟ್ಟೆ. ಹುಡುಗಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಅನುಮತಿ ಅರ್ಜಿ ನಿಮ್ ಹುಡ್ಗೀನೇ ಹಾಕ್ಲಿ ಕಣಕ್ಕ" ಎಂದರು ಸದಸ್ಯರು, ಲೋಟ ಊದುತ್ತಾ. "ಬೇರೆ ಹುಡುಗ್ರೆಲ್ಲ ಪರೀಕ್ಷೆ ಗಿರೀಕ್ಷೆ ಬರೀತಾವ್ರೆ, ಅವ್ರಿಗ್ಯಾಕ್ ತೊಂದ್ರೆ? ಇವ್ಳಿಗೆ ಹೆಂಗೂ ಒಂದ್ ಕೇಸ್ ಆಗೋಗೈತೆ. ಇನ್ನೊಂದಾದ್ರೂ ಏನೂ ಹೋಗಲ್ಲ."

ಹುಡುಗಿಯ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. ಆಮೇಲೆ ಅದನ್ನು ಬಕೆಟ್ಟಿಗೆ ಹಾಕಿ, ತಂತಿಯನ್ನು ಹಿಡಿದುಕೊಂಡು, ಪಟ್ಟಿ ಬಂದ ದಿನ ಅಳದವಳು ನಮ್ಮೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ನಾನು ಸದಸ್ಯರ ಕೈಯಿಂದ ಲೋಟ ಕಿತ್ತುಕೊಂಡು ಕಾಫಿಯನ್ನು ಅಂಗಳಕ್ಕೆ ಚೆಲ್ಲಿದೆ. ಏಳಿ ಮೇಲೆ, ಮೊದಲು ನಡೀರಿ ನಮ್ಮ ಮನೆಯಿಂದ ಎಂದೆ. ಜೊತೆಗೆ ಬಂದವರಿಬ್ಬರೂ ತಲೆ ತಗ್ಗಿಸಿ ಇಳಿದುಹೋದರು. ಸದಸ್ಯರು ಚಪ್ಪಲಿ ಮೆಟ್ಟಿಕೊಂಡು, ಪಂಚೆ ಸರಿ ಮಾಡಿಕೊಂಡು, "ಈಗ ಸಿಟ್ಟಲ್ಲಿದೀಯ, ಯೋಚ್ನೆ ಮಾಡಿ ನಾಳೆ ಹೇಳು ಕಣಕ್ಕ" ಎಂದು ಹೋದರು.